ಆಂಗ್ಕೋರ್ ವಾಟ್ ಫಾರ್ವರ್ಡ್: ಮಕ್ಕಳಿಗೆ ತೋರಿಸುವ ಮುನ್ನ ಸ್ವಲ್ಪ ನಿಲ್ಲಿ

ನಿಮ್ಮ ಫೋನಿಗೂ ಅದು ಬಂದಿರಬಹುದು. ಹಿನ್ನೆಲೆಯಲ್ಲಿ ಶಂಖದ ಸದ್ದು, ಡ್ರೋನ್‌ನಲ್ಲಿ ತೆಗೆದ ಐದು ಗೋಪುರಗಳ ದೃಶ್ಯ, ಕೆಳಗೆ ದಪ್ಪ ಅಕ್ಷರಗಳಲ್ಲಿ ಒಂದಿಷ್ಟು ಸಾಲು. ಭಾರತೀಯರು ಕಾಂಬೋಡಿಯಾದ ಕಾಡಿನಲ್ಲಿ ಕಟ್ಟಿದ ಪ್ರಪಂಚದ ಅತಿ ದೊಡ್ಡ ದೇವಸ್ಥಾನ; ಫ್ರೆಂಚರು ಹುಡುಕುವ ತನಕ ಯಾರಿಗೂ ಗೊತ್ತಿರಲಿಲ್ಲ; ಇಷ್ಟು ಕಲ್ಲು ಹೇಗೆ ಬಂತು ಎಂಬುದಕ್ಕೆ ವಿಜ್ಞಾನಿಗಳ ಬಳಿಯೂ ಉತ್ತರವಿಲ್ಲ; ಹೆಮ್ಮೆಯಿದ್ದರೆ ಹತ್ತು ಜನಕ್ಕೆ ಕಳಿಸಿ. ರಾಜಾಜಿನಗರದ ಶಾಲಾ ಪೋಷಕರ ಗುಂಪಿನಿಂದ ವಿಜಯನಗರದ ಅಪಾರ್ಟ್‌ಮೆಂಟ್ ಗುಂಪಿಗೆ, ಅಲ್ಲಿಂದ ಬಸವೇಶ್ವರನಗರದ ಭರತನಾಟ್ಯ ಕ್ಲಾಸಿನ ಗುಂಪಿಗೆ, ಅಲ್ಲಿಂದ ಕೆಂಗೇರಿಯ ಅಜ್ಜನ ಫೋನಿಗೆ. ಅಜ್ಜ ಅದನ್ನು ಮೊಮ್ಮಕ್ಕಳಿಗೆ ತೋರಿಸುತ್ತಾರೆ. ಮಕ್ಕಳು ಕೇಳುತ್ತಾರೆ: "ಇದನ್ನು ನಾವು ಕಟ್ಟಿದ್ದಾ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಫಾರ್ವರ್ಡಿಗಿಂತ ಸ್ವಾರಸ್ಯವಾಗಿದೆ. ವಿಡಿಯೊದಲ್ಲಿರುವುದೆಲ್ಲ ಸುಳ್ಳಲ್ಲ. ಆಂಗ್ಕೋರ್ ವಾಟ್ ವಿಷ್ಣುವಿಗಾಗಿ ಕಟ್ಟಿದ ದೇವಾಲಯ ಎಂಬುದು ನಿಜ, ಅದರ ಗಾತ್ರವೂ ನಿಜ. ಆದರೆ ಅದರಲ್ಲಿ ಒಂದು ಇಡೀ ಜನಾಂಗವೇ ಕಾಣೆಯಾಗಿದೆ. ಕಟ್ಟಿದವರು ಖ್ಮೇರ್ ಜನ. ಅವರು ಇವತ್ತೂ ಇದ್ದಾರೆ, ಅವರ ಭಾಷೆ ಇದೆ, ನೃತ್ಯ ಇದೆ, ಆ ದೇವಾಲಯದಲ್ಲಿ ಅವರ ಪ್ರಾರ್ಥನೆಯೂ ನಡೆಯುತ್ತದೆ.

ನಿಮ್ಮ ವಿಳಾಸದಲ್ಲೇ ಇರುವ ಪದ

ಮಕ್ಕಳಿಗೆ ಹೇಳಲು ಹೆಸರಿನಿಂದಲೇ ಶುರು ಮಾಡಬಹುದು. "ಆಂಗ್ಕೋರ್" ಎಂಬುದು ಸಂಸ್ಕೃತದ "ನಗರ" ಪದ ಖ್ಮೇರ್ ಬಾಯಲ್ಲಿ ಪಡೆದ ರೂಪ. ನಗರ, ನೊಕೊರ್, ಆಂಗ್ಕೋರ್. "ವಾಟ್" ಎಂದರೆ ದೇವಾಲಯ ಅಥವಾ ವಿಹಾರ. ಅಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂದು ಮನೆ ವಿಳಾಸ ಬರೆಯುವ ಪ್ರತಿ ಮಗುವೂ ಆಂಗ್ಕೋರ್‌ನ ಅರ್ಧ ಹೆಸರನ್ನು ಆಗಲೇ ಬರೆದಿರುತ್ತದೆ.

ಹಾಗೆಂದು ಖ್ಮೇರ್ ಭಾಷೆ ಸಂಸ್ಕೃತದಿಂದ ಹುಟ್ಟಿದ್ದಲ್ಲ. ಅದು ಆಸ್ಟ್ರೋ-ಏಷ್ಯಾಟಿಕ್ ಎಂಬ ಬೇರೆಯೇ ಕುಟುಂಬಕ್ಕೆ ಸೇರಿದ್ದು. ಭಾರತದಲ್ಲಿ ಅದರ ನೆಂಟರನ್ನು ಹುಡುಕಬೇಕಾದರೆ ಮೇಘಾಲಯದ ಖಾಸಿ ಭಾಷೆಗೋ ಜಾರ್ಖಂಡ್ ಕಡೆಯ ಸಂತಾಲಿಗೋ ಹೋಗಬೇಕು. ಸಂಸ್ಕೃತ ಪದಗಳು ಕನ್ನಡಕ್ಕೆ ಬಂದು ಸೇರಿದ ಹಾಗೆಯೇ ಅಲ್ಲಿಗೂ ಹೋಗಿ ಸೇರಿದವು.

ಲಿಪಿಯ ಕತೆಯೂ ಹೀಗೇ. ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಖ್ಮೇರ್ ಲಿಪಿ ಬೆಳೆಯಿತು. ನಮ್ಮದು ಕದಂಬ ಲಿಪಿಯ ದಾರಿಯಲ್ಲಿ ಬಂದಿತು. ಎರಡರ ಮೂಲವೂ ಬ್ರಾಹ್ಮಿಯ ದಕ್ಷಿಣದ ಕವಲು. ಅಕ್ಕತಂಗಿಯರಲ್ಲದಿದ್ದರೂ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಎನ್ನಬಹುದು. ಶಾಸನ ಬರೆಯುವ ಪದ್ಧತಿಯಲ್ಲಿ ಇನ್ನೂ ಹತ್ತಿರದ ಹೋಲಿಕೆ ಇದೆ. ಖ್ಮೇರ್ ಶಾಸನಗಳಲ್ಲಿ ದೇವರನ್ನು, ರಾಜನನ್ನು ಹೊಗಳುವ ಭಾಗ ಸಂಸ್ಕೃತ ಪದ್ಯದಲ್ಲಿರುತ್ತದೆ. ಯಾವ ಗದ್ದೆ ಯಾರಿಗೆ, ಗಡಿ ಎಲ್ಲಿ, ದೇವಸ್ಥಾನಕ್ಕೆ ಎಷ್ಟು ಅಕ್ಕಿ, ಕೆಲಸಕ್ಕೆ ಯಾರು ಎಂಬ ಲೆಕ್ಕದ ಭಾಗ ಖ್ಮೇರ್ ಭಾಷೆಯಲ್ಲಿರುತ್ತದೆ. ಕರ್ನಾಟಕದ ಎಷ್ಟೋ ಶಾಸನಗಳಲ್ಲಿಯೂ ಹೊಗಳಿಕೆ ಸಂಸ್ಕೃತದಲ್ಲಿ, ಜಮೀನಿನ ವಿವರ ಕನ್ನಡದಲ್ಲಿ. ವರ್ಷ ಎಣಿಸಲು ಇಬ್ಬರೂ ಬಳಸಿದ್ದು ಶಕವರ್ಷವನ್ನು; ಯುಗಾದಿಯ ದಿನ ಮನೆಯಲ್ಲಿ ತೆರೆಯುವ ಪಂಚಾಂಗದಲ್ಲಿರುವುದೂ ಅದೇ.

ಬೇಲೂರಿನ ಸಮವಯಸ್ಕ

ಆಂಗ್ಕೋರ್ ವಾಟ್ ಕಟ್ಟಿಸಿದ ದೊರೆ ಎರಡನೆಯ ಸೂರ್ಯವರ್ಮ. ಅವನು ಪಟ್ಟಕ್ಕೆ ಬಂದದ್ದು 1113ರಲ್ಲಿ. ಆಗ ಇಲ್ಲಿ ಹೊಯ್ಸಳ ವಿಷ್ಣುವರ್ಧನ ಆಳುತ್ತಿದ್ದ. ಅವನು ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ, ಶಕವರ್ಷ 1039. ಅಂದರೆ ಬೇಲೂರಿನಲ್ಲಿ ಉಳಿಯ ಸದ್ದು ಕೇಳುತ್ತಿದ್ದ ದಶಕಗಳಲ್ಲೇ ಆಂಗ್ಕೋರ್‌ನಲ್ಲೂ ಕೇಳುತ್ತಿತ್ತು. ಎರಡೂ ವಿಷ್ಣುವಿನ ಗುಡಿಗಳು. ಇಬ್ಬರು ರಾಜರಲ್ಲಿ ಯಾರೂ ಇನ್ನೊಬ್ಬರ ಸಾಮಂತರಲ್ಲ.

"ಚೋಳರು ಹೋಗಿ ಕಟ್ಟಿದರು" ಎಂಬ ಇನ್ನೊಂದು ರೂಪದ ಫಾರ್ವರ್ಡ್ ಕೂಡ ಓಡಾಡುತ್ತಿದೆ. ಚೋಳರಿಗೂ ಕಾಂಬೋಜ ರಾಜರಿಗೂ ಸಂಪರ್ಕವಿದ್ದದ್ದು ನಿಜ. ಕಾಂಬೋಜದ ರಾಜ ಕಾಣಿಕೆಯಾಗಿ ಕಳಿಸಿದ ಅಪರೂಪದ ಕಲ್ಲೊಂದನ್ನು ಚಿದಂಬರದ ದೇವಾಲಯದಲ್ಲಿ ಕೂರಿಸಿದ ಬಗ್ಗೆ 12ನೇ ಶತಮಾನದ ಆರಂಭದ ಶಾಸನವಿದೆ. ಇದು ಉಡುಗೊರೆ ಕಳಿಸುವ ಸ್ನೇಹ. ಉಡುಗೊರೆ ಕೊಟ್ಟು ಪಡೆದವರನ್ನು ಮನೆ ಕಟ್ಟಿದವರು ಎನ್ನಲಾಗದು.

ಸಮವಯಸ್ಕರಾದರೂ ಎರಡು ಗುಡಿಗಳ ಗುಣ ಬೇರೆ ಬೇರೆ. ಬೇಲೂರಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಅಲ್ಲಿ ಬಳೆಯೂ ಬಿಡಿಬಿಡಿಯಾಗಿ ನಿಲ್ಲುವಷ್ಟು ಕುಸುರಿ. ಆಂಗ್ಕೋರ್‌ನದು ಮರಳುಗಲ್ಲು. ಅಲ್ಲಿ ಗೋಡೆಯನ್ನು ಮೊದಲು ಜೋಡಿಸಿ, ನಯ ಮಾಡಿ, ಆಮೇಲೆ ಅದರ ಮೇಲೆ ಕೆತ್ತುತ್ತಿದ್ದರು. ಅರ್ಧಕ್ಕೆ ನಿಂತ ಕೆತ್ತನೆಗಳು ಇದನ್ನು ಹೇಳುತ್ತವೆ. ಅಲ್ಲಿನ ಸಮುದ್ರಮಥನದ ಪಟ್ಟಿಕೆ ಒಂದೇ ಸುಮಾರು 49 ಮೀಟರ್ ಉದ್ದ. ನಮ್ಮ ಬಿಎಂಟಿಸಿ ಬಸ್ಸು ನಾಲ್ಕನ್ನು ಸಾಲಾಗಿ ನಿಲ್ಲಿಸಿದಷ್ಟು. ಇನ್ನೊಂದು ಗೋಡೆಯಲ್ಲಿ ಕುರುಕ್ಷೇತ್ರ, ಶರಶಯ್ಯೆಯ ಮೇಲೆ ಭೀಷ್ಮ. ಮತ್ತೊಂದರಲ್ಲಿ ಲಂಕೆಯ ಯುದ್ಧ. ಕೈಲಾಸ ಎತ್ತುವ ರಾವಣನನ್ನು ಹಳೇಬೀಡಿನಲ್ಲಿ ನೋಡಿದ ಮಕ್ಕಳು ಕಾಂಬೋಡಿಯಾದ ಬಂತೇಯ್ ಸ್ರೇ ಗುಡಿಯ ರಾವಣನನ್ನೂ ಫೋಟೊದಲ್ಲಿ ನೋಡಲಿ. 967ರ ಗುಡಿ ಅದು, ಗುಲಾಬಿ ಬಣ್ಣದ ಕಲ್ಲು. ಕತೆ ಒಂದೇ, ಆದರೆ ರಾವಣನ ನಿಲುವು, ಹೆದರಿದ ಪ್ರಾಣಿಗಳ ಮುಖ, ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದ ರೀತಿ ಎಲ್ಲವೂ ಬೇರೆ. ವ್ಯತ್ಯಾಸ ಹುಡುಕಿ ಎಂದು ಹೇಳಿದರೆ ಮಕ್ಕಳು ನಮಗಿಂತ ಚೆನ್ನಾಗಿ ಹುಡುಕುತ್ತಾರೆ.

ಇನ್ನೊಂದು ವ್ಯತ್ಯಾಸ ನಮಗೆ ಮನಸ್ಸಿಗೆ ತಟ್ಟುವಂಥದ್ದು. ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರು ಕೆತ್ತುತ್ತಿದ್ದರು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಮಲ್ಲಿತಮ್ಮ. ಆಂಗ್ಕೋರ್ ವಾಟ್‌ನ ಗೋಡೆಗಳ ಮೇಲೆ 1,700ಕ್ಕೂ ಹೆಚ್ಚು ದೇವತೆಯರ ಕೆತ್ತನೆ ಇದೆ, ಒಬ್ಬೊಬ್ಬರ ತುರುಬೂ ಬೇರೆ ಬೇರೆ, ಆದರೆ ಕೆತ್ತಿದವರ ಒಂದು ಹೆಸರೂ ಇಲ್ಲ. ಹೆಸರಿಲ್ಲದ ಕೆಲಸವನ್ನು "ನಮ್ಮವರು ಮಾಡಿದ್ದು" ಎಂದು ಬರೆದುಕೊಳ್ಳುವುದು ಸುಲಭ.

ರಹಸ್ಯ ಎಂಬ ಪದ

"ವಿಜ್ಞಾನಿಗಳಿಗೂ ಗೊತ್ತಿಲ್ಲ" ಎಂಬ ಸಾಲು ಫಾರ್ವರ್ಡಿನಲ್ಲಿ ಬಂದರೆ ಬಹುತೇಕ ವಿಜ್ಞಾನಿಗಳನ್ನು ಯಾರೂ ಕೇಳಿಲ್ಲ ಎಂದೇ ಅರ್ಥ. ಕಲ್ಲು ಬಂದದ್ದು ಕುಲೆನ್ ಬೆಟ್ಟದ ತಪ್ಪಲಿನ ಗಣಿಗಳಿಂದ. ಆ ಗಣಿಗಳು ಸಿಕ್ಕಿವೆ. ಅಲ್ಲಿಂದ ಆಂಗ್ಕೋರ್‌ಗೆ ಕಲ್ಲು ಸಾಗಿಸಲು ಬಳಸಿದ ಕಾಲುವೆಗಳ ಜಾಲವನ್ನು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಮಳೆಗಾಲದ ನೀರಿನಲ್ಲಿ ತೆಪ್ಪದ ಮೇಲೆ ಕಲ್ಲು ತೇಲಿಸುವುದು ನೆಲದ ಮೇಲೆ ಎಳೆಯುವುದಕ್ಕಿಂತ ಎಷ್ಟೋ ಸುಲಭ. ಕಲ್ಲುಗಳಲ್ಲಿ ಹಿಡಿದೆತ್ತಲು ಕೊರೆದ ತೂತುಗಳು ಈಗಲೂ ಕಾಣುತ್ತವೆ. ಒಳಗಿನ ಪಡಸಾಲೆಗಳು ಯಾಕೆ ಅಷ್ಟು ಕಿರಿದು ಎಂದರೆ ಖ್ಮೇರ್ ಶಿಲ್ಪಿಗಳು ನಿಜವಾದ ಕಮಾನು ಬಳಸಲಿಲ್ಲ. ಕಲ್ಲನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಮುಂದೆ ಚಾಚಿ ಮೇಲೆ ಕೂಡಿಸುತ್ತಿದ್ದರು. ಹಾಗೆ ಮಾಡಿದರೆ ಅಗಲ ಸಿಗುವುದಿಲ್ಲ. ಬೇರೆ ಗ್ರಹದವರು ಬಂದು ಕಟ್ಟಿದ್ದರೆ ಇನ್ನೊಂದಿಷ್ಟು ಅಗಲ ಮಾಡುತ್ತಿದ್ದರೋ ಏನೋ.

ತಾ ಪ್ರೋಮ್ ದೇವಾಲಯದ "ಡೈನೋಸಾರ್ ಕೆತ್ತನೆ"ಯೂ ಇದೇ ಜಾತಿಯದು. ಬೆನ್ನ ಮೇಲೆ ಮುಳ್ಳು ಎಂದು ತೋರಿಸುವುದು ಹಿನ್ನೆಲೆಯ ಎಲೆಬಳ್ಳಿಯ ಅಲಂಕಾರ. ಅಕ್ಕಪಕ್ಕದ ವೃತ್ತಗಳಲ್ಲಿರುವ ಬೇರೆ ಪ್ರಾಣಿಗಳ ಸುತ್ತಲೂ ಅಂಥದ್ದೇ ಅಲಂಕಾರ ಇದೆ. ವಿಡಿಯೊ ಮಾಡುವವರು ಅದನ್ನು ಕತ್ತರಿಸಿಬಿಡುತ್ತಾರೆ.

ಸೂರ್ಯನ ವಿಷಯಕ್ಕೆ ಬಂದರೆ ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಮಾರ್ಚ್ 21ರ ಆಸುಪಾಸಿನಲ್ಲಿ, ಹಗಲು ರಾತ್ರಿ ಸಮವಾಗುವ ದಿನಗಳಲ್ಲಿ, ಆಂಗ್ಕೋರ್ ವಾಟ್‌ನ ಪಶ್ಚಿಮ ದ್ವಾರದ ಬಳಿ ನಿಂತರೆ ಸೂರ್ಯ ನಡುಗೋಪುರದ ತುದಿಯಿಂದಲೇ ಮೇಲೇರಿದಂತೆ ಕಾಣುತ್ತದೆ. ಇದೇ ಬಗೆಯ ನೋಟ ನಮ್ಮಲ್ಲೂ ಇದೆ. ಗವಿಪುರದ ಗವಿಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ರಾಜಾಜಿನಗರದಿಂದ ಹಸಿರು ಮೆಟ್ರೊ ಹತ್ತಿದರೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಹೋಗಬಹುದು. ವಿಜಯನಗರ, ಕೆಂಗೇರಿಯವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು.

ಇದರ ಬಗ್ಗೆ ಜವಾಹರಲಾಲ್ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ಅಧ್ಯಯನ ಮಾಡಿ 2008ರಲ್ಲಿ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಬೆಳಕು ವರ್ಷಕ್ಕೆ ಒಂದು ಸಲವಲ್ಲ, ಎರಡು ಸಲ ಬರುತ್ತದೆ. ಒಮ್ಮೆ ಸಂಕ್ರಾಂತಿಯ ಸುತ್ತಮುತ್ತ, ಇನ್ನೊಮ್ಮೆ ನವೆಂಬರ್ ಕೊನೆಯ ಹೊತ್ತಿಗೆ. ಕಾರಣ ಸರಳ. ಸೂರ್ಯ ಮುಳುಗುವ ಜಾಗ ಡಿಸೆಂಬರ್ 21ರ ತನಕ ದಕ್ಷಿಣಕ್ಕೆ ಸರಿಯುತ್ತದೆ, ಆಮೇಲೆ ಅದೇ ದಾರಿಯಲ್ಲಿ ಉತ್ತರಕ್ಕೆ ವಾಪಸ್ಸು ಬರುತ್ತದೆ. ಜನವರಿ 14 ಎಂದರೆ ಆ ತಿರುವಿನ 24 ದಿನ ನಂತರ. ತಿರುವಿನ 24 ದಿನ ಮೊದಲು ಎಂದರೆ ನವೆಂಬರ್ 27. ಆ ದಿನವೂ ಸೂರ್ಯ ಹೆಚ್ಚುಕಡಿಮೆ ಅಲ್ಲೇ ಇರುತ್ತಾನೆ, ಜನಸಂದಣಿ ಮಾತ್ರ ಇರುವುದಿಲ್ಲ. 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಇಂಗ್ಲಿಷ್ ಚಿತ್ರಕಾರರು ಬರೆದ ಚಿತ್ರಗಳನ್ನೂ ಈ ಅಧ್ಯಯನದಲ್ಲಿ ಇಂದಿನ ಕಟ್ಟಡದೊಂದಿಗೆ ಹೋಲಿಸಲಾಗಿತ್ತು. ಆಂಗ್ಕೋರ್‌ಗೂ ಇದೇ ನಿಯಮ: ಸೆಪ್ಟೆಂಬರ್ 22ರ ಸುಮಾರಿಗೂ ಅದೇ ನೋಟ ಇರಬೇಕು. ಆಗ ಅಲ್ಲಿ ಮಳೆಗಾಲ, ಮೋಡ ಹೆಚ್ಚು, ಹಾಗಾಗಿ ಫೋಟೊಗಳು ಕಡಿಮೆ.

ಇಷ್ಟು ನೇರವಾಗಿ ಪೂರ್ವ-ಪಶ್ಚಿಮ ಹಿಡಿಯಲು ಏನು ಬೇಕು? ಒಂದು ಕೋಲು, ಒಂದು ಹಗ್ಗ. ಇದನ್ನು ಮನೆಯ ತಾರಸಿಯ ಮೇಲೆ ಮಕ್ಕಳೊಂದಿಗೆ ಮಾಡಿನೋಡಿ. ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೇ ಕೇಂದ್ರವಾಗಿ ಇಟ್ಟು ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ಉದ್ದವಿದ್ದ ನೆರಳು ಗಿಡ್ಡವಾಗುತ್ತಾ ಬಂದು ಅದರ ತುದಿ ವೃತ್ತವನ್ನು ಮುಟ್ಟಿದಾಗ ಗುರುತು ಹಾಕಿ. ಮಧ್ಯಾಹ್ನದ ಮೇಲೆ ನೆರಳು ಬೆಳೆದು ಮತ್ತೆ ವೃತ್ತವನ್ನು ಮುಟ್ಟಿದಾಗ ಇನ್ನೊಂದು ಗುರುತು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ-ಪಶ್ಚಿಮ. ಇದು ಹಳೆಯ ಶಿಲ್ಪಶಾಸ್ತ್ರಗಳು ಹೇಳುವ ಶಂಕುವಿನ ವಿಧಾನ. ಫೋನಿನ ದಿಕ್ಸೂಚಿ ಸ್ವಲ್ಪ ಬೇರೆ ತೋರಿಸಿದರೆ ಗಾಬರಿ ಬೇಡ. ಕಾಂಕ್ರೀಟಿನೊಳಗಿನ ಕಬ್ಬಿಣ ಫೋನನ್ನು ಗಲಿಬಿಲಿ ಮಾಡುತ್ತದೆ, ನೆರಳನ್ನು ಮಾಡುವುದಿಲ್ಲ.

ಕಳೆದುಹೋಗಿತ್ತೇ?

ಹೆನ್ರಿ ಮೂಹೊ ಎಂಬ ಫ್ರೆಂಚ್ ಪ್ರಕೃತಿ ವಿಜ್ಞಾನಿ 1860ರಲ್ಲಿ ಅಲ್ಲಿಗೆ ಹೋಗಿ ಬರೆದದ್ದರಿಂದ ಯೂರೋಪಿನಲ್ಲಿ ಆಂಗ್ಕೋರ್ ಪ್ರಸಿದ್ಧವಾಯಿತು. ಆದರೆ ಅದಕ್ಕೂ ಮುಂಚೆ, 16ನೇ ಶತಮಾನದಲ್ಲೇ ಪೋರ್ಚುಗೀಸರು ಅದನ್ನು ಕಂಡು ವರ್ಣಿಸಿದ್ದರು. 1632ರಲ್ಲಿ ಜಪಾನಿನಿಂದ ಬಂದ ಯಾತ್ರಿಕನೊಬ್ಬ ಕಂಬದ ಮೇಲೆ ಬರೆದಿಟ್ಟ ಸಾಲುಗಳು ಅಲ್ಲಿವೆ. ಸ್ಥಳೀಯರಂತೂ ಅದನ್ನು ಬಿಟ್ಟೇ ಹೋಗಿರಲಿಲ್ಲ. ವಿಷ್ಣುವಿಗೆ ಕಟ್ಟಿದ ಗುಡಿ ನಂತರದ ಶತಮಾನಗಳಲ್ಲಿ ಬೌದ್ಧ ಕ್ಷೇತ್ರವಾಯಿತು, ಈಗಲೂ ಆಗಿದೆ. "ಅಲ್ಲಿ ಇವತ್ತು ಪೂಜೆಯಿಲ್ಲ, ಅನಾಥವಾಗಿದೆ" ಎಂಬ ಸಾಲು ಅಲ್ಲಿ ಊದುಬತ್ತಿ ಹಚ್ಚಿ ಕೈಮುಗಿಯುವ ಕಾಂಬೋಡಿಯಾದ ಅಜ್ಜಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆ ದೇಶದ ಬಾವುಟದ ಮೇಲಿರುವುದೂ ಇದೇ ದೇವಾಲಯ. ಇನ್ನು "ಪ್ರಪಂಚದ ಎಂಟನೇ ಅದ್ಭುತ ಎಂದು ಘೋಷಣೆ" ಎಂಬ ಸಂದೇಶಕ್ಕೆ ಹೇಳುವುದಿಷ್ಟೇ: ಅಂಥ ಪಟ್ಟ ಕೊಡುವ ಅಧಿಕೃತ ಸಂಸ್ಥೆ ಯಾವುದೂ ಇಲ್ಲ. ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಆಂಗ್ಕೋರ್ ಸೇರಿದ್ದು 1992ರಲ್ಲಿ. ಅದು ನಿಜ, ಸಾಕಷ್ಟು ದೊಡ್ಡದೂ ಹೌದು.

ಪಾದಗಳು ಮಾತ್ರ ಉಳಿದವು

2023ರ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ನಡೆದ ಯುನೆಸ್ಕೋ ಸಭೆಯಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸುದ್ದಿಯನ್ನು ನಾವೆಲ್ಲ ಹಂಚಿಕೊಂಡೆವು. ಅದೇ ಸಭೆಯಲ್ಲಿ ಕಾಂಬೋಡಿಯಾದ ಕೋ ಕೇರ್ ಕೂಡ ಸೇರಿತು. ಅದರ ಹಳೆಯ ಹೆಸರು ಲಿಂಗಪುರ. ಕ್ರಿ.ಶ. 928ರಿಂದ 944ರವರೆಗೆ ಅದು ಖ್ಮೇರ್ ರಾಜಧಾನಿ. ಈ ಊರಿನ ಕತೆ ಕನ್ನಡದ ಮನೆಗಳಿಗೆ ಹೇಳಿ ಮಾಡಿಸಿದಂತಿದೆ.

ಕೋ ಕೇರ್‌ನ ಪ್ರಾಸಾತ್ ಚೆನ್ ಎಂಬ ಗುಡಿಯಲ್ಲಿ ಮಹಾಭಾರತದ ಒಂದು ದೃಶ್ಯವನ್ನು ಬಿಡಿ ವಿಗ್ರಹಗಳಲ್ಲಿ ನಿಲ್ಲಿಸಿದ್ದರು. ಭೀಮ ಮತ್ತು ದುರ್ಯೋಧನ ಎದುರುಬದುರು, ಸುತ್ತ ನೋಡುತ್ತಿರುವವರು. ಗದಾಯುದ್ಧ. ದುರ್ಯೋಧನ ಇನ್ನೇನು ಜಿಗಿಯಲಿದ್ದಾನೆ ಎಂಬ ಕ್ಷಣವನ್ನು ಕಲ್ಲಿನಲ್ಲಿ ಹಿಡಿದಿದ್ದರು. ಅದೇ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ರನ್ನ ಅದೇ ಯುದ್ಧದ ಮೇಲೆ ತನ್ನ ಗದಾಯುದ್ಧವನ್ನು ಬರೆದ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಕಲಾವಿದರು, ನಡುವೆ ಸಮುದ್ರ, ಇಬ್ಬರ ಕಣ್ಣ ಮುಂದೆಯೂ ಅದೇ ಗದೆ.

1970ರ ದಶಕದ ಆರಂಭದಲ್ಲಿ ಕಾಂಬೋಡಿಯಾ ಅಂತರ್ಯುದ್ಧದಲ್ಲಿ ಮುಳುಗಿದ್ದಾಗ ಕಳ್ಳರು ಈ ವಿಗ್ರಹಗಳನ್ನು ಕಣಕಾಲಿನ ಬಳಿ ಕಡಿದು ಒಯ್ದರು. ಪಾದಗಳು ಪೀಠದಲ್ಲೇ ಉಳಿದವು. ದೇಹಗಳು ಕೈಯಿಂದ ಕೈಗೆ ದಾಟಿ ಪಶ್ಚಿಮದ ದೇಶಗಳಿಗೆ ಹೋದವು. ಭೀಮ ಕ್ಯಾಲಿಫೋರ್ನಿಯಾದ ನಾರ್ಟನ್ ಸೈಮನ್ ಮ್ಯೂಸಿಯಂನಲ್ಲಿ ನಿಂತ. ದುರ್ಯೋಧನನನ್ನು 2011ರಲ್ಲಿ ನ್ಯೂಯಾರ್ಕ್‌ನ ಸೋದಬೀಸ್ ಸಂಸ್ಥೆ ಹರಾಜಿಗಿಟ್ಟಿತು. ಪೀಠದಲ್ಲಿ ಉಳಿದ ಪಾದಗಳಿಗೂ ಆ ದೇಹಗಳಿಗೂ ಹೊಂದಿಕೆ ಇದೆ ಎಂಬುದೇ ಕಾಂಬೋಡಿಯಾದ ವಾದಕ್ಕೆ ಬಲವಾಯಿತು. ಹರಾಜು ನಿಂತಿತು, ಪ್ರಕರಣ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ಭೀಮನೂ ದುರ್ಯೋಧನನೂ ತಮ್ಮ ದೇಶಕ್ಕೆ ಮರಳಿದರು. ಅದಕ್ಕೂ ಒಂದು ವರ್ಷ ಮೊದಲು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಮಂಡಿಯೂರಿ ಕುಳಿತ ಎರಡು ವಿಗ್ರಹಗಳನ್ನು ಹಿಂದಿರುಗಿಸಿತ್ತು. 2023ರ ಡಿಸೆಂಬರ್‌ನಲ್ಲಿ ಇನ್ನೂ 14 ಶಿಲ್ಪಗಳನ್ನು ಕೊಡುವುದಾಗಿ ಹೇಳಿತು.

ಇಲ್ಲಿ "ಯಾರದ್ದು" ಎಂಬ ಪ್ರಶ್ನೆ ಬರೀ ಹೆಮ್ಮೆಯ ವಿಷಯವಲ್ಲ. ಆ ವಿಗ್ರಹಗಳು ಮನೆಗೆ ಮರಳಿದ್ದು ಅವು ಖ್ಮೇರ್ ಜನರವು, ಆ ಗುಡಿಯವು ಎಂದು ತೋರಿಸಲು ಸಾಧ್ಯವಾದದ್ದರಿಂದ. ಕತೆ ಮಹಾಭಾರತದ್ದು ಎಂದು ನಾವು ಹಕ್ಕು ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ದೇಹದೊಳಗೆ ಉಳಿದ ನೃತ್ಯ

"ಸಾವಿರ ವರ್ಷದಿಂದ ಬದಲಾಗದೆ ಬಂದ ಅಪ್ಸರಾ ನೃತ್ಯ" ಎಂಬ ವಿಡಿಯೊಗಳೂ ಇವೆ. ಇದನ್ನು ಎರಡು ಭಾಗ ಮಾಡಬೇಕು. ಖ್ಮೇರ್ ದೇವಾಲಯಗಳಲ್ಲಿ ನರ್ತಕಿಯರಿದ್ದದ್ದು ಖಚಿತ. ಏಳನೆಯ ಜಯವರ್ಮ 1186ರಲ್ಲಿ ಪ್ರತಿಷ್ಠಾಪಿಸಿದ ತಾ ಪ್ರೋಮ್‌ನ ಶಾಸನದಲ್ಲಿ 615 ನರ್ತಕಿಯರ ಲೆಕ್ಕವಿದೆ. ಅದೇ ಶಾಸನ ರಾಜ್ಯದಲ್ಲಿದ್ದ 102 ಆಸ್ಪತ್ರೆಗಳನ್ನೂ ಹೇಳುತ್ತದೆ. ನಮ್ಮನ್ನು ಕೇಳಿದರೆ ಫಾರ್ವರ್ಡ್ ಮಾಡಲು ಡೈನೋಸಾರ್‌ಗಿಂತ ಇದು ಯೋಗ್ಯ. ಆದರೆ ಇಂದು ವೇದಿಕೆಯಲ್ಲಿ ಕಾಣುವ "ಅಪ್ಸರಾ" ಎಂಬ ನಿರ್ದಿಷ್ಟ ನೃತ್ಯವನ್ನು ರೂಪಿಸಿದ್ದು 20ನೇ ಶತಮಾನದ ನಡುವಿನಲ್ಲಿ, ರಾಣಿ ಕೊಸ್ಸಮಕ್. ಅರಮನೆಯ ನೃತ್ಯಪರಂಪರೆಯನ್ನೂ ಆಂಗ್ಕೋರ್‌ನ ಕೆತ್ತನೆಗಳನ್ನೂ ಆಧರಿಸಿ ರೂಪಿಸಿದ ಆ ನೃತ್ಯದಲ್ಲಿ ಮೊಮ್ಮಗಳು ಬುಪ್ಪಾ ದೇವಿ ಪ್ರಧಾನ ನರ್ತಕಿ. ಇದರಿಂದ ನೃತ್ಯದ ಬೆಲೆ ಕಡಿಮೆಯಾಗುವುದಿಲ್ಲ. ನಮ್ಮ ಮಕ್ಕಳು ಕಲಿಯುವ ನೃತ್ಯಕ್ಕೆ "ಭರತನಾಟ್ಯ" ಎಂಬ ಹೆಸರು ಗಟ್ಟಿಯಾಗಿ ನಿಂತದ್ದೂ 1930ರ ದಶಕದಲ್ಲೇ.

ಭರತನಾಟ್ಯ ಕಲಿಯುವ ಮಗುವಿಗೆ ಖ್ಮೇರ್ ನೃತ್ಯದ ವಿಡಿಯೊ ತೋರಿಸಿ ಮುಖ ನೋಡಲು ಹೇಳಿ. ಅಲ್ಲಿ ಕಣ್ಣು, ಹುಬ್ಬು ಕುಣಿಯುವುದಿಲ್ಲ. ಮುಖ ಶಾಂತ. ಕತೆಯನ್ನು ಹಾಡುವವರು ಹೇಳುತ್ತಾರೆ, ಭಾವವೆಲ್ಲ ಬೆರಳಿನ ತುದಿಗೆ ಇಳಿದಿರುತ್ತದೆ. ಬೆರಳುಗಳು ಹಿಂದಕ್ಕೆ ಬಾಗಿ ಬಿಲ್ಲಿನಂತೆ ಆಗುತ್ತವೆ. ಎಲೆ, ಹೂ, ಹಣ್ಣು, ಬಳ್ಳಿ ಎಂದು ಗುರುತಿಸುವ ಕೈಮುದ್ರೆಗಳಿವೆ. ಅಷ್ಟು ಬಾಗಲು ಬಾಲ್ಯದಿಂದಲೇ ಗುರುಗಳು ಬೆರಳನ್ನು ಹಿಡಿದು ಪಳಗಿಸಬೇಕು. ಪುಸ್ತಕ ಓದಿ ಬರುವ ವಿದ್ಯೆಯಲ್ಲ.

ಅದಕ್ಕಾಗಿಯೇ 1975ರಿಂದ 1979ರ ನಡುವೆ ನಡೆದದ್ದು ಅಷ್ಟು ಭೀಕರ. ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತದಲ್ಲಿ ಕೊಲೆ, ಹಸಿವು, ರೋಗಗಳಿಂದ ದೇಶದ ಜನಸಂಖ್ಯೆಯ ಸುಮಾರು ಕಾಲು ಭಾಗ ಸತ್ತಿತು ಎಂದು ಅಂದಾಜು. ಅರಮನೆಯ ನೃತ್ಯ ಬಲ್ಲವರಲ್ಲಿ ಬಹುಪಾಲು ಜನ ಉಳಿಯಲಿಲ್ಲ. ಪುಸ್ತಕ ಸುಟ್ಟರೆ ಇನ್ನೊಂದು ಪ್ರತಿ ಸಿಗಬಹುದು, ಇಲ್ಲಿ ಪ್ರತಿ ಎಂದರೆ ಮನುಷ್ಯರೇ. ಬದುಕುಳಿದ ಗುರುಗಳಲ್ಲಿ ಚಿಯಾ ಸಾಮಿ ಒಬ್ಬರು. ಅವರು ಪೋಲ್ ಪಾಟ್‌ನ ಅತ್ತಿಗೆ. ಅವನು ಸಲೋತ್ ಸಾರ್ ಎಂಬ ಹುಡುಗನಾಗಿದ್ದಾಗ ಅಣ್ಣ-ಅತ್ತಿಗೆಯ ಮನೆಯಲ್ಲಿಯೇ ಇದ್ದು ಶಾಲೆಗೆ ಹೋಗುತ್ತಿದ್ದ. ಆ ಅತ್ತಿಗೆಯೇ 1979ರ ನಂತರ ನೋಮ್ ಪೆನ್‌ಗೆ ಮರಳಿ, ಉಳಿದ ಕೆಲವೇ ಕಲಾವಿದರ ಜೊತೆ ಸೇರಿ, ನೆನಪಿನಲ್ಲಿದ್ದುದನ್ನು ಒಟ್ಟು ಮಾಡಿ ಹೊಸ ಮಕ್ಕಳಿಗೆ ಕಲಿಸಿದರು. ಒಬ್ಬರಿಗೆ ನೆನಪಿದ್ದ ಹೆಜ್ಜೆ ಇನ್ನೊಬ್ಬರಿಗೆ ಮರೆತಿತ್ತು. ಹಾಗೆ ಕೂಡಿಸಿ ಕೂಡಿಸಿ ಉಳಿಸಿದ ನೃತ್ಯವನ್ನು ಯುನೆಸ್ಕೋ 2003ರಲ್ಲಿ ಮನುಕುಲದ ಪರಂಪರೆ ಎಂದು ಸಾರಿತು.

ಕರ್ನಾಟಕದಲ್ಲಿ ಇಂಥ ಹಿಂಸೆ ನಡೆದಿಲ್ಲ. ಆದರೂ ಮೈಸೂರು ಅರಮನೆಯ ನೃತ್ಯ ಒಂದು ಕಾಲಕ್ಕೆ ಬೆರಳೆಣಿಕೆಯ ದೇಹಗಳಲ್ಲೇ ಉಳಿದಿತ್ತು. ಜಟ್ಟಿ ತಾಯಮ್ಮನವರಿಂದ ಕಲಿತ ಕೆ. ವೆಂಕಟಲಕ್ಷಮ್ಮ ಅದನ್ನು ಮುಂದಿನವರಿಗೆ ದಾಟಿಸಿದರು. ಮಕ್ಕಳ ಡ್ಯಾನ್ಸ್ ಕ್ಲಾಸಿನ ಗುರುಗಳನ್ನು ಕೇಳಿನೋಡಿ, ನಿಮ್ಮ ಗುರು ಯಾರು, ಅವರ ಗುರು ಯಾರು ಎಂದು. ಮೂರು ನಾಲ್ಕು ಹೆಸರಿಗೇ ನೂರು ವರ್ಷ ಹಿಂದೆ ಹೋಗಿರುತ್ತೀರಿ.

ಕಲ್ಲು ತೊಳೆಯುವ ವಿಷಯ

ಭಾರತಕ್ಕೂ ಆಂಗ್ಕೋರ್‌ಗೂ ನಿಜವಾದ ಇತ್ತೀಚಿನ ಸಂಬಂಧವೊಂದಿದೆ. ಫಾರ್ವರ್ಡುಗಳಲ್ಲಿ ಅದು ಅಪರೂಪ. ಖ್ಮೇರ್ ರೂಜ್ ಬಿದ್ದ ಮೇಲೆ ಬಂದ ಸರ್ಕಾರವನ್ನು ಪಶ್ಚಿಮದ ದೇಶಗಳು ಒಪ್ಪಲಿಲ್ಲ, ಭಾರತ 1980ರಲ್ಲಿ ಮಾನ್ಯ ಮಾಡಿತು. ಹಾಗಾಗಿ 1986ರಿಂದ 1993ರ ತನಕ, ಸುತ್ತ ಇನ್ನೂ ನೆಲಬಾಂಬುಗಳ ಭಯ ಇದ್ದ ಕಾಲದಲ್ಲಿ, ಆಂಗ್ಕೋರ್ ವಾಟ್ ದುರಸ್ತಿಗೆ ಹೋದದ್ದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಕೆಲಸ ಶುರುವಾದಾಗ ಇಲಾಖೆಯ ಮಹಾನಿರ್ದೇಶಕರಾಗಿದ್ದವರು ಅದಕ್ಕೂ ಮೊದಲು ಕರ್ನಾಟಕದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಸ್. ನಾಗರಾಜ ರಾವ್. ಬೇರೆ ಯಾರೂ ಬರದಿದ್ದಾಗ ಹೋದದ್ದು ಸಣ್ಣ ಮಾತಲ್ಲ. ಕಲ್ಲಿನ ಮೇಲಿನ ಪಾಚಿ, ಕಲ್ಲುಹೂವನ್ನು ರಾಸಾಯನಿಕ ಹಾಕಿ ಉಜ್ಜಿ ತೆಗೆದದ್ದರಿಂದ ಕೆತ್ತನೆಗೆ ಹಾನಿಯಾಯಿತು ಎಂದು ವಿದೇಶಿ ತಜ್ಞರು ಕಟುವಾಗಿ ಟೀಕಿಸಿದ್ದೂ ನಿಜ. ಇಲಾಖೆ ಆ ಟೀಕೆಯನ್ನು ಒಪ್ಪಲಿಲ್ಲ. ಮುಂದೆ ತಾ ಪ್ರೋಮ್‌ನ ಕೆಲಸವನ್ನೂ ಭಾರತವೇ ವಹಿಸಿಕೊಂಡಿತು.

ಈ ವಾದ ನಮ್ಮ ಬೀದಿಗೂ ಸಂಬಂಧಿಸಿದ್ದು. ಬೆಂಗಳೂರಿನ ಎಷ್ಟೋ ಹಳೆಯ ಗುಡಿಗಳಲ್ಲಿ ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿದಿರುತ್ತಾರೆ, ಶಾಸನದ ಕಲ್ಲಿಗೆ ಸಿಮೆಂಟು ಮೆತ್ತಿರುತ್ತಾರೆ. ಭಕ್ತಿಯಿಂದಲೇ ಮಾಡುತ್ತಾರೆ. ಆದರೆ ಕಲ್ಲು ಒಳಗಿನ ತೇವವನ್ನು ಹೊರಗೆ ಬಿಡುತ್ತಿರಬೇಕು. ಬಣ್ಣದ ಪದರ ಅದನ್ನು ತಡೆದರೆ ಉಪ್ಪು ಒಳಗೇ ಹರಳುಗಟ್ಟಿ, ಒಂದು ದಿನ ಮೇಲ್ಮೈಯೇ ಚಕ್ಕೆಯಾಗಿ ಎದ್ದುಬರುತ್ತದೆ, ಅಕ್ಷರಗಳ ಸಮೇತ. ನಿಮ್ಮ ಬಡಾವಣೆಯ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಗುಂಪಿನಲ್ಲಿ ನೀವಿದ್ದರೆ ಬಣ್ಣದ ಡಬ್ಬ ಬರುವ ಮೊದಲು ಈ ಪ್ಯಾರಾವನ್ನು ಅಲ್ಲಿ ಹಾಕಿ.

ಈ ವಾರಾಂತ್ಯಕ್ಕೆ

ಸಿಯೆಮ್ ರೀಪ್‌ಗೆ ಟಿಕೆಟ್ ತೆಗೆಯಲು ಎಲ್ಲರಿಗೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಕಾಂಬೋಡಿಯಾದಲ್ಲಿ "ಸ್ಬೆಕ್ ಥೋಮ್" ಎಂಬ ದೊಡ್ಡ ತೊಗಲು ಚಿತ್ರಗಳ ನೆರಳಾಟವಿದೆ. ಆಡುವುದು ರಾಮಾಯಣವನ್ನು; ಅವರ ರಾಮಾಯಣದ ಹೆಸರು ರಿಯಾಮ್‌ಕೇರ್. ಅದರಲ್ಲಿ ಹನುಮಂತನಿಗೆ ಮತ್ಸ್ಯಕನ್ಯೆಯೊಬ್ಬಳ ಜೊತೆ ಪ್ರೇಮ. ನಮ್ಮ ಹನುಮ ಬ್ರಹ್ಮಚಾರಿಯಲ್ಲವೇ ಎಂದು ಮಕ್ಕಳು ಜಗಳಕ್ಕೆ ಬಂದರೆ ಬರಲಿ, ಒಂದು ಕತೆ ಇನ್ನೊಂದು ಊರಿಗೆ ಹೋದಾಗ ಏನಾಗುತ್ತದೆ ಎಂಬುದು ಆ ಜಗಳದಲ್ಲೇ ಅರ್ಥವಾಗುತ್ತದೆ. ಅವರ ತೊಗಲು ಚಿತ್ರಗಳು ಆಳೆತ್ತರದವು, ಕೈಕಾಲು ಆಡುವುದಿಲ್ಲ, ಹಿಡಿದವರೇ ಕುಣಿಯುತ್ತಾರೆ. ನಮ್ಮ ತೊಗಲುಗೊಂಬೆಗಳಿಗೆ ಬಣ್ಣವಿದೆ, ಕೀಲುಗಳಿವೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂತು.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋದರೆ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳನ್ನು ಹತ್ತಿರದಿಂದ ನೋಡಬಹುದು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲೂ ಅವುಗಳ ಸಂಗ್ರಹವಿದೆ. ಫೋನಿನಲ್ಲಿ ಸ್ಬೆಕ್ ಥೋಮ್‌ನ ಒಂದು ಚಿತ್ರ ಇಟ್ಟುಕೊಂಡು ಹೋಗಿ, ಗೊಂಬೆಯ ಪಕ್ಕದಲ್ಲಿ ಹಿಡಿದು ನೋಡಿ. ಎರಡರಲ್ಲೂ ತೊಗಲನ್ನು ಚುಚ್ಚಿ ಮಾಡಿದ ಸಣ್ಣ ಸಣ್ಣ ತೂತುಗಳಿವೆ, ಆಭರಣ ಹೊಳೆಯುವುದು ಅಲ್ಲಿಂದ ಬರುವ ಬೆಳಕಿನಿಂದ.